ಎದೆ ಆಪರೇಷನ್ ಆಗಿ ಮನೆಗೆ ಬಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಿಂಧನೂರಿನಲ್ಲಿ ಬ್ಲೌಸ್ ಹೊಲಿಯುವವಳು. 2019ರಲ್ಲಿ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ ನನ್ನ ಬಲಗಡೆಯ ಸ್ತನ ಮತ್ತು ಕಂಕುಳಿನ ಗಂಟುಗಳನ್ನು (ಲಿಂಫ್ ಗ್ರಂಥಿಗಳನ್ನು) ತೆಗೆದರು. ಆಮೇಲೆ ಕೀಮೋ, ಕರೆಂಟು (ರೇಡಿಯೇಷನ್, ಅಂದರೆ ಕಿರಣ ಚಿಕಿತ್ಸೆ), ಐದು ವರ್ಷ ಮಾತ್ರೆ, ಎಲ್ಲ ಆಯಿತು. ಈಗ ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಕಡೆಯಿಂದ ಹೆಂಗಸರು ಬ್ಲೌಸ್ ಅಳತೆ ನೆಪದಲ್ಲಿ ಬರುತ್ತಾರೆ. ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಕೇಳುತ್ತಾರೆ. ಅವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮ ಸರ್ಜನ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಮೊದಲು.

ಅಕ್ಕಾ, ಮನೆಗೆ ಕಳಿಸುವಾಗ ಪೈಪು, ಡಬ್ಬಿ ಹಾಗೇ ಬಿಟ್ಟಿದ್ದಾರೆ. ಮರೆತರಾ?

ಮರೆತಿಲ್ಲ. ಅದಕ್ಕೆ ಡ್ರೈನ್ ಅಂತಾರೆ. ಸ್ತನ ತೆಗೆದ ಜಾಗದಲ್ಲಿ, ಕಂಕುಳಲ್ಲಿ ನೀರು ಊರುತ್ತಿರುತ್ತದೆ. ಅದು ಒಳಗೇ ನಿಂತರೆ ಗಾಯ ಕೂಡಿಕೊಳ್ಳುವುದಿಲ್ಲ. ಆ ಡಬ್ಬಿ ನೀರನ್ನು ಹೊರಗೆ ಎಳೆಯುತ್ತದೆ. ಮೊದಲ ದಿನಗಳಲ್ಲಿ ಕೆಂಪಾಗಿ ಬರುತ್ತದೆ, ಆಮೇಲೆ ತಿಳಿಗೆಂಪು, ಕೊನೆಗೆ ತೆಳು ಹಳದಿ ನೀರು.

ದಿನಾ ಒಂದೇ ಹೊತ್ತಿಗೆ ಕೈ ಸೋಪು ಹಾಕಿ ತೊಳೆದು, ಡಬ್ಬಿ ಖಾಲಿ ಮಾಡಿ, ಎಷ್ಟು ಮಿಲಿ ಅಂತ ಬರೆದಿಡಿ. ಮುಚ್ಚುವ ಮೊದಲು ಡಬ್ಬಿ ಒತ್ತಿ ಗಾಳಿ ತೆಗೆಯಬೇಕು. ಉಬ್ಬಿಕೊಂಡೇ ಇದ್ದರೆ ಅದು ಎಳೆಯುತ್ತಿಲ್ಲ ಅಂತ ಅರ್ಥ. 24 ಗಂಟೆಗೆ ಸುಮಾರು 30 ಮಿಲಿಗಿಂತ ಕಡಿಮೆ, ಅದೂ ಎರಡು ದಿನ ಬಿಡದೆ ಬಂದರೆ ಸಾಮಾನ್ಯವಾಗಿ ಡ್ರೈನ್ ತೆಗೆಯುತ್ತಾರೆ. ಕೆಲವರಿಗೆ ಒಂದು ವಾರ, ಕೆಲವರಿಗೆ ಎರಡು ವಾರ ದಾಟುತ್ತದೆ. ಹಾಗಾಗಿ ಪಕ್ಕದ ಬೆಡ್‌ನವರಿಗೆ ಬೇಗ ತೆಗೆದರು ಅಂತ ಕೊರಗಬೇಡಿ.

ಡಬ್ಬಿ ಯಾವಾಗಲೂ ಗಾಯಕ್ಕಿಂತ ಕೆಳಗಿರಲಿ. ನಮ್ಮ ಅತ್ತೆ ತಮ್ಮ ಎಲೆಅಡಿಕೆ ಸಂಚಿಯ ಹಾಗೇ, ಆದರೆ ಸ್ವಲ್ಪ ದೊಡ್ಡದಾಗಿ, ಹಳೇ ಇಳಕಲ್ ಸೀರೆಯಲ್ಲಿ ಒಂದು ಚೀಲ ಹೊಲಿದು ಕೊಟ್ಟರು. ಉದ್ದ ದಾರ ಹಾಕಿ ಎಡ ಹೆಗಲಿಂದ ಇಳಿಬಿಟ್ಟುಕೊಂಡೆ. ಪೈಪು ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಬಂದವರ ಕಣ್ಣಿಗೂ ಬೀಳಲಿಲ್ಲ. ಮಲಗುವಾಗ ಕೌದಿಯನ್ನು ಮಡಿಚಿ ತೋಳಿನ ಕೆಳಗೆ ಇಟ್ಟುಕೊಂಡರೆ ಕಂಕುಳ ಒತ್ತುವುದಿಲ್ಲ.

ಡ್ರೈನ್ ತೆಗೆದ ಮೇಲೆ ಮತ್ತೆ ನೀರು ತುಂಬಿ ಗುಳ್ಳೆ ಥರ ಆಗಿದೆ. ಗಡ್ಡೆ ಮತ್ತೆ ಬಂತಾ?

ಇಲ್ಲ. ಅದು ನೀರೇ. ಸೀರೋಮಾ ಅಂತಾರೆ. ತುಂಬಾ ಹೆಂಗಸರಿಗೆ ಆಗುತ್ತದೆ. ಕಡಿಮೆ ಇದ್ದರೆ ತಾನೇ ಇಂಗುತ್ತದೆ, ಜಾಸ್ತಿ ಇದ್ದರೆ ಡಾಕ್ಟರು ಸೂಜಿಯಿಂದ ಎಳೆಯುತ್ತಾರೆ. ಆ ಜಾಗಕ್ಕೆ ಸ್ಪರ್ಶ ಕಡಿಮೆ ಇರುವುದರಿಂದ ಅಷ್ಟೇನೂ ನೋಯುವುದಿಲ್ಲ. ಮನೆಯಲ್ಲಿ ಒತ್ತಿ ತೆಗೆಯಲು ಮಾತ್ರ ಹೋಗಬೇಡಿ.

ಹೊಲಿಗೆ ಬಿಚ್ಚುತ್ತೆ, ಕೈ ಅಲ್ಲಾಡಿಸಬೇಡ ಅಂತಾರೆ ಮನೆಯವರು. ನಿಜಾನಾ?

ಈ ಒಂದು ಪ್ರಶ್ನೆಗಾಗಿಯೇ ನಾನು ಇದನ್ನೆಲ್ಲ ಬರೆಯಲು ಕೂತಿದ್ದು.

ನನಗೂ ಹಾಗೇ ಹೇಳಿದ್ದರು. ಪ್ರೀತಿಯಿಂದಲೇ ಹೇಳಿದ್ದರು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಇತ್ತು, ಮತ್ತೆ ಯಾವಾಗ ಬರಬೇಕು ಅಂತ ಇತ್ತು, ಕೈ ವ್ಯಾಯಾಮದ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ತೋಳನ್ನು ಎದೆಗೆ ಅಂಟಿಸಿಕೊಂಡೇ ದಿನ ಕಳೆದೆ. ತಲೆ ಬಾಚುವುದು ಮಗಳು, ಊಟ ಎಡಗೈಯಲ್ಲಿ, ಚಮಚದಲ್ಲಿ. ಕೀಮೋ ಮುಗಿಯುವವರೆಗೂ ಹೀಗೇ. ಕರೆಂಟು ಕೊಡುವ ಮೊದಲು ಅಳತೆ ತೆಗೆಯುತ್ತಾರಲ್ಲ, ಆವತ್ತು ಟೇಬಲ್ ಮೇಲೆ ಮಲಗಿಸಿ "ಅಮ್ಮಾ, ಕೈ ತಲೆ ಮೇಲೆ ಇಡಿ" ಅಂದರು. ನನ್ನ ಕೈ ಹೆಗಲಿನ ಮಟ್ಟಕ್ಕೂ ಬರಲಿಲ್ಲ. ಕೈ ಏಳದಿದ್ದರೆ ಆ ಜಾಗಕ್ಕೆ ಕಿರಣ ಸರಿಯಾಗಿ ಬೀಳಿಸಲು ಆಗುವುದಿಲ್ಲ. ವ್ಯಾಯಾಮ ಮಾಡಿಕೊಂಡು ಎರಡು ವಾರ ಬಿಟ್ಟು ಬನ್ನಿ ಅಂತ ವಾಪಸ್ ಕಳಿಸಿದರು. ಬಸ್ಸಿನಲ್ಲಿ ಊರು ಬರುವ ತನಕ ಅತ್ತಿದ್ದೇನೆ. ಆ ಎರಡು ವಾರ ನಿಮಗೆ ಬರಬಾರದು.

ಗಾಯ ತಾನಾಗಿ ಒಣಗುತ್ತದೆ. ಹೆಗಲು ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಅದನ್ನು ನೀವೇ ಬಿಡಿಸಬೇಕು.

ಆಪರೇಷನ್ ಆದ ಮಾರನೆಯ ದಿನದಿಂದಲೇ ಮುಷ್ಟಿ ಕಟ್ಟಿ ಬಿಡುವುದು, ಮಣಿಕಟ್ಟು ತಿರುಗಿಸುವುದು, ಮೊಣಕೈ ಮಡಿಚಿ ಚಾಚುವುದು ಶುರು ಮಾಡಬಹುದು. ಊಟ ಅದೇ ಕೈಯಲ್ಲಿ ಮಾಡಿ. ಡ್ರೈನ್ ಇರುವ ತನಕ ತೋಳು ಹೆಗಲಿನ ಮಟ್ಟ ದಾಟುವುದು ಬೇಡ, ಅಷ್ಟೇ. ಡ್ರೈನ್ ತೆಗೆದ ಮೇಲೆ ಡಾಕ್ಟರನ್ನು ಕೇಳಿ ಗೋಡೆ ಹತ್ತುವ ವ್ಯಾಯಾಮ ಶುರು ಮಾಡಿ. ಗೋಡೆಗೆ ಎದುರಾಗಿ ನಿಂತು, ಎರಡೂ ಕೈಯ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲೆ ಹತ್ತಿಸಿ. ಎಳೆದಂಗಾದ ಕಡೆ ನಿಲ್ಲಿಸಿ, ನಿಧಾನವಾಗಿ ಉಸಿರು ಬಿಟ್ಟು, ಹಾಗೇ ಇಳಿಸಿ. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಎಳೆತ ಇರಬೇಕು, ಚುಚ್ಚುವ ನೋವು ಇರಬಾರದು.

ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಗೋಡೆ ಮೇಲೆ ಗೆರೆ ಎಳೆದು ತಾರೀಖು ಬರೆಯುತ್ತಿದ್ದೆ. ಮೊದಲ ಗೆರೆ ಲೈಟಿನ ಸ್ವಿಚ್ ಹತ್ತಿರ. ಹತ್ತನೇ ದಿನಕ್ಕೆ ಕ್ಯಾಲೆಂಡರಿನ ಕೆಳ ಅಂಚು. ಕ್ಯಾಲೆಂಡರ್ ನೇತು ಹಾಕಿದ ಮೊಳೆ ಬೆರಳಿಗೆ ತಾಗಿದ ದಿನ ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸಿದೆ. ಆ ಗೆರೆಗಳು ಈಗಲೂ ಇವೆ. ಎರಡು ಸಲ ಸುಣ್ಣ ಬಳಿಸಿದರೂ ಆ ಒಂದು ಗೇಣಗಲ ಜಾಗ ಬಿಡಿಸಿದ್ದೇನೆ.

ಕೈ ಚಾಚಿದರೆ ಕಂಕುಳಿಂದ ಮೊಣಕೈ ತನಕ ದಾರ ಬಿಗಿದ ಹಾಗೆ ಕಾಣುತ್ತೆ. ನರ ಎಳೆದಿದೆಯಾ?

ನರ ಅಲ್ಲ. ಕಂಕುಳಿನ ಗಂಟು ತೆಗೆದವರಲ್ಲಿ ಇಂಥ ತಂತಿ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳಬಹುದು. ಹೆದರಿ ಕೈ ಮಡಿಚಿಕೊಳ್ಳುವುದೇ ತಪ್ಪು. ಫಿಸಿಯೋಥೆರಪಿಯವರಿಗೆ ತೋರಿಸಿ. ಮೆತ್ತಗೆ ಎಳೆಯುವ ವ್ಯಾಯಾಮದಿಂದ ಬಹಳಷ್ಟು ಜನರಿಗೆ ಕೆಲವು ತಿಂಗಳಲ್ಲಿ ಬಿಟ್ಟುಹೋಗುತ್ತದೆ.

ರೊಟ್ಟಿ ಯಾವಾಗಿಂದ ಬಡಿಯಬಹುದು?

ನಮ್ಮ ಕಡೆ ಇದೇ ದೊಡ್ಡ ಪ್ರಶ್ನೆ, ಅಲ್ವಾ. ಯಾವ ಆಸ್ಪತ್ರೆಯ ಹಾಳೆಯಲ್ಲೂ ನಾನು ಇದಕ್ಕೆ ಉತ್ತರ ನೋಡಿಲ್ಲ. ಜೋಳದ ರೊಟ್ಟಿ ಅಂದರೆ ಬರೀ ಅಡುಗೆಯಲ್ಲ, ಹೆಗಲು, ತೋಳು, ಎದೆ ಮೂರೂ ಸೇರಿ ಮಾಡುವ ಕೆಲಸ. ಹಿಟ್ಟು ನಾದುವುದು ಬಡಿಯುವುದಕ್ಕಿಂತ ಜಾಸ್ತಿ ಭಾರ.

ನನ್ನ ಅನುಭವದಲ್ಲಿ ಹೇಳುವುದಾದರೆ, ಮೊದಲ ಆರು ವಾರ ಬಿಡಿ. ಆಮೇಲೆ ಡಾಕ್ಟರು ಒಪ್ಪಿದರೆ, ಬೇರೆಯವರು ನಾದಿ ಕೊಟ್ಟ ಹಿಟ್ಟಿನಲ್ಲಿ ಎರಡು ರೊಟ್ಟಿ. ಮಾರನೇ ದಿನ ತೋಳು ಭಾರ ಅನಿಸದಿದ್ದರೆ ಮೂರು. ಮನೆಮಂದಿಗೆಲ್ಲ ಇಪ್ಪತ್ತು ರೊಟ್ಟಿ ಒಂದೇ ಉಸಿರಿಗೆ ಬೇಡ. ಹಂಚಿನ ಮುಂದೆ ತುಂಬುತೋಳಿನ ಬ್ಲೌಸ್ ಹಾಕಿಕೊಳ್ಳಿ. ಉಬ್ಬಿದ ರೊಟ್ಟಿಯ ಹಬೆ ಬಡಿದರೆ, ಸ್ಪರ್ಶ ಕಡಿಮೆ ಇರುವ ತೋಳಿಗೆ ಸುಟ್ಟಿದ್ದು ಗೊತ್ತೇ ಆಗುವುದಿಲ್ಲ.

ತುಂಬಿದ ಕೊಡಕ್ಕೂ ಇದೇ ಲೆಕ್ಕ. ಮೊದಲು ಚೊಂಬು, ಆಮೇಲೆ ಅರ್ಧ ಬಕೆಟ್. ಸೊಂಟದ ಮೇಲೆ ತುಂಬು ಕೊಡ ಹೊರುವುದನ್ನು ಆದಷ್ಟು ಮುಂದಕ್ಕೆ ಹಾಕಿ.

ಪಥ್ಯ ಏನು? ಬದನೆಕಾಯಿ, ತತ್ತಿ, ಬೇಳೆ ತಿಂದರೆ ಕೀವು ಆಗುತ್ತಾ?

ಆಗುವುದಿಲ್ಲ. ಕೀವು ಆಗುವುದು ಸೋಂಕಿನಿಂದ, ಬದನೆಕಾಯಿಯಿಂದಲ್ಲ. ನಂಜು ಅಂತ ಬೇಳೆ, ತತ್ತಿ, ಮೊಸರು ಎಲ್ಲ ಬಿಡಿಸಿ ಬರೀ ಗಂಜಿ ಕೊಡುತ್ತಾರಲ್ಲ, ಅದರಿಂದಲೇ ಗಾಯ ತಡವಾಗುತ್ತದೆ. ಮಾಂಸ ಕೂಡಿಕೊಳ್ಳಲು ಪ್ರೋಟೀನ್ ಬೇಕು. ಮಡಿಕೆ ಕಾಳು, ಹೆಸರುಕಾಳು, ಶೇಂಗಾ, ಹಾಲು, ತತ್ತಿ, ತಿನ್ನುವವರಿಗೆ ಕೋಳಿ, ಮೀನು, ಎಲ್ಲ ಆಗುತ್ತದೆ. ಶುಗರ್ ಇದ್ದವರು ಮಾತ್ರ ಶುಗರ್ ಹದ್ದುಬಸ್ತಿನಲ್ಲಿ ಇಡಬೇಕು, ಅದು ಏರಿದರೆ ಗಾಯ ಒಣಗುವುದು ಕಷ್ಟ. ಮನೆಯಲ್ಲಿ ಯಾರಾದರೂ ಕೊಡುವ ಸೊಪ್ಪಿನ ರಸ, ಊರ ಔಷಧಿ ಕೀಮೋ ಜೊತೆ ಬೇಡ. ಏನೇ ತಗೊಂಡರೂ ಡಾಕ್ಟರಿಗೆ ಮುಚ್ಚಿಡಬೇಡಿ.

ಸ್ನಾನ? ಗಾಯಕ್ಕೆ ಅರಿಶಿನ ಹಚ್ಚಬಹುದಾ?

ಡ್ರೈನ್ ಇರುವಾಗ ಸೊಂಟದ ಕೆಳಗೆ ಸ್ನಾನ, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಹೊಲಿಗೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ತೆಗೆಯುತ್ತಾರೆ, ತಲೆ ಮೇಲೆ ನೀರು ಯಾವಾಗ ಅಂತ ಆಗ ಅವರೇ ಹೇಳುತ್ತಾರೆ. ಅರಿಶಿನ, ಬೂದಿ, ಎಣ್ಣೆ, ಯಾವುದೂ ಬೇಡ. ಗಾಯ ಪೂರ್ತಿ ಕೂಡಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಗೆರೆಯ ಮೇಲೆ ಬೆರಳಲ್ಲಿ ಮೆತ್ತಗೆ ತಿಕ್ಕಿದರೆ ಚರ್ಮ ಸಡಿಲವಾಗುತ್ತದೆ. ಕರೆಂಟು ನಡೆಯುವಾಗ ಮಾತ್ರ ಅಲ್ಲಿಯವರನ್ನು ಕೇಳದೆ ಏನೂ ಹಚ್ಚಬೇಡಿ. ನಮ್ಮ ರಾಯಚೂರು, ಬಳ್ಳಾರಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕರೆಂಟು ತಗೊಂಡ ಚರ್ಮಕ್ಕೆ ಆ ಬಿಸಿಲು ಬಡಿಯದಂತೆ ಹತ್ತಿ ಬಟ್ಟೆ ಮುಚ್ಚಿಕೊಳ್ಳಿ.

ತೋಳಿನ ಒಳಗಡೆ ಜೋಮು ಹಿಡಿದಂಗಿದೆ. ಒಂದೊಂದು ಸಲ ಇಲ್ಲದ ಎದೆಯಲ್ಲೇ ತುರಿಕೆ. ನನಗೇನಾದರೂ ತಲೆ ಕೆಟ್ಟಿದೆಯಾ?

ಇಲ್ಲವ್ವಾ. ಕಂಕುಳು ಬಿಡಿಸುವಾಗ ಸ್ಪರ್ಶದ ನರ ಎಳೆಯುತ್ತದೆ ಅಥವಾ ತುಂಡಾಗುತ್ತದೆ, ಅದಕ್ಕೆ ಜೋಮು. ತಿಂಗಳುಗಟ್ಟಲೆ ಇರುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇ ಹೋಗುತ್ತದೆ. ಇಲ್ಲದ ಜಾಗದಲ್ಲಿ ತುರಿಕೆಯೂ ನಿಜವೇ. ನನಗೂ ರಾತ್ರಿ ಎಚ್ಚರವಾಗಿ ಕೆರೆಯಲು ಕೈ ಹೋಗಿ, ಬರೀ ಪಟ್ಟಿ ಸಿಕ್ಕಿದ್ದುಂಟು. ಇದನ್ನು ಯಾರಿಗೂ ಹೇಳಿರಲಿಲ್ಲ. ಇನ್ನೊಬ್ಬರು ಹೇಳಿದಾಗಲೇ ನನಗೂ ಧೈರ್ಯ ಬಂದಿದ್ದು.

ಕೈ ಊದುತ್ತೆ ಅಂತಾರೆ. ಎಲ್ಲರಿಗೂ ಆಗುತ್ತಾ?

ಎಲ್ಲರಿಗೂ ಇಲ್ಲ. ಕಂಕುಳಿನ ಗಂಟುಗಳನ್ನು ಪೂರ್ತಿ ತೆಗೆದ ಐದು ಜನರಲ್ಲಿ ಸುಮಾರು ಒಬ್ಬರಿಗೆ ಆಗುತ್ತದೆ. ಒಂದೆರಡು ಗಂಟು ಮಾತ್ರ ತೆಗೆದು ಪರೀಕ್ಷೆ ಮಾಡಿದವರಿಗೆ ಇನ್ನೂ ಕಡಿಮೆ. ಆದರೆ ವರ್ಷಗಳು ಕಳೆದ ಮೇಲೂ ಶುರುವಾಗಬಹುದು, ಹಾಗಾಗಿ ಗಮನ ಬಿಡಬಾರದು.

ನಾನು ಟೇಪಿನವಳು, ಟೇಪಿನ ಮಾತೇ ಹೇಳುತ್ತೇನೆ. ಮೊಣಕೈಯಿಂದ ಕೆಳಗೆ 10 ಸೆಂಟಿಮೀಟರ್, ಮೇಲೆ 10 ಸೆಂಟಿಮೀಟರ್ ಗುರುತು ಮಾಡಿ, ಅಲ್ಲಿ ಎರಡೂ ತೋಳಿನ ಸುತ್ತಳತೆ ತೆಗೆದು ಬರೆದಿಡಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ. ದುಡಿಯುವ ಕೈ ಮೊದಲಿಂದಲೂ ಸ್ವಲ್ಪ ದಪ್ಪ ಇರುತ್ತದೆ, ಅದಕ್ಕೆ ನಿಮ್ಮ ಹಳೇ ಅಳತೆಗೇ ಹೋಲಿಸಿ. 2 ಸೆಂಟಿಮೀಟರ್ ಜಾಸ್ತಿಯಾದರೆ, ಅಥವಾ ಅಷ್ಟಾಗದಿದ್ದರೂ ತೋಳು ಭಾರ, ಬಿಗಿ ಅನಿಸಿದರೆ, ಹೋಗಿ ತೋರಿಸಿ. ಬೇಗ ಹಿಡಿದರೆ ಪಟ್ಟಿ ಸುತ್ತುವುದು, ಬಿಗಿ ತೋಳಿನ ಸ್ಲೀವ್, ಫಿಸಿಯೋಥೆರಪಿ ಇವುಗಳಿಂದ ಹತೋಟಿಗೆ ಬರುತ್ತದೆ. ಬಿಟ್ಟರೆ ತೋಳು ಗಟ್ಟಿಯಾಗಿ ಹೋಗುತ್ತದೆ.

ಹೊಲಕ್ಕೆ ಹೋಗುವವರಿಗೆ ಒಂದು ಮಾತು. ತುಂಗಭದ್ರಾ ಕಾಲುವೆ ಕೆಳಗಿನ ಭತ್ತದ ಗದ್ದೆಯಲ್ಲಿ ನಾಟಿ ಮಾಡುವಾಗ ಬೆರಳು ಗೀರಿಕೊಂಡರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಹತ್ತಿ ಬಿಡಿಸುವಾಗ ಕಾಯಿಯ ಮೊನೆ ಚುಚ್ಚುತ್ತದೆ. ಗಂಟು ತೆಗೆದ ಕೈಗೆ ಆ ಸಣ್ಣ ಗೀರೇ ಸಾಕು, ಸೋಂಕು ಇಡೀ ತೋಳಿಗೆ ಏರಬಹುದು. ಕೈಗವಸು ಹಾಕಿ. ಗೀರಿದರೆ ತಕ್ಷಣ ಸೋಪು ನೀರಲ್ಲಿ ತೊಳೆಯಿರಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಅಕ್ಕಂದಿರು, ಮತ್ತೆ ನನ್ನಂಥವರು, ಬೆರಳಿಗೆ ಟೋಪಿ ಹಾಕದೆ ಸೂಜಿ ಹಿಡಿಯಬೇಡಿ. ಇಂಜೆಕ್ಷನ್, ರಕ್ತ, ಬಿಪಿ ಎಲ್ಲ ಆದಷ್ಟು ಇನ್ನೊಂದು ಕೈಗೇ ಅಂತ ನರ್ಸಿಗೆ ಮೊದಲೇ ಹೇಳಿ.

ಗಡ್ಡೆ ತೆಗೆದಾಯಿತಲ್ಲ. ಮತ್ಯಾಕೆ ಕೀಮೋ, ಕರೆಂಟು?

ಕಣ್ಣಿಗೆ ಕಾಣುವುದನ್ನು ಸರ್ಜನ್ ತೆಗೆಯುತ್ತಾರೆ. ಕಾಣದ ಕಣಗಳು ರಕ್ತದಲ್ಲಿ, ಗಂಟಿನ ದಾರಿಯಲ್ಲಿ ಹೋಗಿರಬಹುದು. ಅವಕ್ಕೇ ಉಳಿದ ಚಿಕಿತ್ಸೆ. ಯಾರಿಗೆ ಏನು ಅಂತ ಹೇಳುವುದು ಬಯಾಪ್ಸಿ ರಿಪೋರ್ಟು. ಅದರಲ್ಲಿ ಗಡ್ಡೆ ಎಷ್ಟು ದೊಡ್ಡದು, ಎಷ್ಟು ಗಂಟಿಗೆ ಹರಡಿದೆ, ಇಆರ್, ಪಿಆರ್ (ಗಡ್ಡೆ ಹಾರ್ಮೋನಿನಿಂದ ಬೆಳೆಯುವುದಾ ಅಂತ ತೋರಿಸುವ ಗುರುತು), ಹರ್2 (ಒಂದು ಪ್ರೋಟೀನಿನ ಗುರುತು) ಏನು ಅಂತ ಇರುತ್ತದೆ. ಇಆರ್ ಪಾಸಿಟಿವ್ ಇದ್ದರೆ ಐದರಿಂದ ಹತ್ತು ವರ್ಷ ದಿನಕ್ಕೊಂದು ಹಾರ್ಮೋನ್ ಮಾತ್ರೆ. ಹರ್2 ಪಾಸಿಟಿವ್ ಇದ್ದರೆ ಬೇರೆ ಇಂಜೆಕ್ಷನ್. ತೆಗೆದ ಸ್ತನವನ್ನು ಪರೀಕ್ಷೆಗೆ ಕಳಿಸಿದ್ದಾರಾ ಅಂತ ಖಂಡಿತ ಕೇಳಿ. ಆ ರಿಪೋರ್ಟು ನಿಮ್ಮ ಜಮೀನಿನ ಪಹಣಿ ಇದ್ದ ಹಾಗೆ, ಜೋಪಾನ ಮಾಡಿ.

ಕೀಮೋ ಸಾಮಾನ್ಯವಾಗಿ ಆಪರೇಷನ್ ಆಗಿ ಮೂರರಿಂದ ಆರು ವಾರದೊಳಗೆ ಶುರುವಾಗುತ್ತದೆ. ಮೂರು ತಿಂಗಳು ದಾಟಿಸಿದರೆ ಅದರ ಲಾಭ ಕಡಿಮೆಯಾಗುತ್ತದೆ. "ಜಾತ್ರೆ ಮುಗೀಲಿ, ಸುಗ್ಗಿ ಮುಗೀಲಿ" ಅಂತ ಮುಂದಕ್ಕೆ ಹಾಕುವವರನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತದೆ. ಗಾಯ ಒಣಗಿತು, ಆರಾಮ ಇದ್ದೀನಿ ಅಂತ ಮಾತ್ರೆ ಬಿಡುವವರೂ ಇದ್ದಾರೆ. ಮಾತ್ರೆಯಿಂದ ಮೈ ಬಿಸಿಯೇರುತ್ತದೆ, ಬೆವರುತ್ತದೆ, ಕೀಲು ನೋಯುತ್ತದೆ. ಡಾಕ್ಟರಿಗೆ ಹೇಳಿ, ದಾರಿ ಇದೆ. ಸುಮ್ನೆ ನಿಲ್ಲಿಸಬೇಡಿ. ಟಮಾಕ್ಸಿಫೆನ್ ಅನ್ನುವ ಹಾರ್ಮೋನ್ ಮಾತ್ರೆ ತಗೊಳ್ಳುವಾಗ ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ತಕ್ಷಣ ತೋರಿಸಬೇಕು.

ಇಷ್ಟೆಲ್ಲ ಓಡಾಟಕ್ಕೆ ದುಡ್ಡು ಎಲ್ಲಿಂದ ತರಲಿ?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ತನಕ. ಆಧಾರ್, ರೇಷನ್ ಕಾರ್ಡ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಕೇಳಿ ಪಡೆಯಿರಿ. ಬೆಂಗಳೂರಿನ ಕಿದ್ವಾಯಿ, ಅದರದ್ದೇ ಕಲಬುರಗಿ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ನಮ್ಮ ಭಾಗದವರು ಹೋಗುವುದು ಹೆಚ್ಚಾಗಿ ಇಲ್ಲಿಗೇ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಜೊತೆಗೆ ಬರುವ ಅಕ್ಕ, ಮಗಳು, ಸೊಸೆಗೂ ಇಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ದೊಡ್ಡ ರಿಯಾಯಿತಿ ಇದೆ. ಆಸ್ಪತ್ರೆಯವರು ಸಹಿ ಮಾಡಿದ ಫಾರಂ ಸ್ಟೇಷನ್ ಕೌಂಟರಿನಲ್ಲಿ ತೋರಿಸಬೇಕು. ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್. ಕೀಮೋ ಆಗಿ ಬರುವಾಗ ಮಲಗಿಕೊಂಡು ಬರುವುದೇ ಒಂದು ಭಾಗ್ಯ.

ಬ್ಲೌಸ್ ಹೇಗೆ ಹಾಕಿಕೊಳ್ಳಲಿ? ಒಂದು ಕಡೆ ಖಾಲಿ ಕಾಣುತ್ತೆ.

ಇದು ನನ್ನ ಕೆಲಸ, ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲ ಒಂದೂವರೆ, ಎರಡು ತಿಂಗಳು ಬಿಗಿ ಬ್ಲೌಸ್, ಬ್ರಾ ಎರಡೂ ಬೇಡ. ಮುಂದೆ ಗುಂಡಿ ಇರುವ, ಸಡಿಲ ಕಂಕುಳಿನ ಹತ್ತಿ ಬ್ಲೌಸ್ ಸಾಕು. ತಲೆ ಮೇಲಿಂದ ಹಾಕುವುದು ಯಾವುದೂ ಬೇಡ. ಎದೆ ಹತ್ತಿರ ಏನಾದರೂ ಇಟ್ಟುಕೊಳ್ಳಲೇಬೇಕು ಅನಿಸಿದರೆ ಮೆತ್ತನೆಯ ಹತ್ತಿ ಉಂಡೆ, ಅದೂ ಡಾಕ್ಟರು ಹೂಂ ಅಂದ ಮೇಲೆ.

ಗಾಯ ಗಟ್ಟಿಯಾದ ಮೇಲೆ ಬ್ಲೌಸ್ ಒಳಗೆ ಹತ್ತಿ ಬಟ್ಟೆಯ ಜೇಬು ಹೊಲಿಯುತ್ತೇನೆ. ಬಾಯಿ ಪಕ್ಕಕ್ಕೆ, ಕಂಕುಳ ಕಡೆಗೆ ಇರಬೇಕು, ಮೇಲೆ ಇಟ್ಟರೆ ಬಗ್ಗಿದಾಗ ಜಾರಿ ಹೊರಗೆ ಬರುತ್ತದೆ. ಬರೀ ಹತ್ತಿ ತುಂಬಿದರೆ ಹಗುರಾಗಿ ಸಂಜೆ ಹೊತ್ತಿಗೆ ಕುತ್ತಿಗೆ ಕಡೆ ಏರುತ್ತದೆ. ನಾನು ಮೊದಲು ನವಣೆ ತುಂಬಿ ನೋಡಿದೆ. ತೂಕ ಚೆನ್ನಾಗಿ ಬಂತು, ಆದರೆ ಮೇ ತಿಂಗಳ ಬೆವರಿಗೆ ವಾಸನೆ ಬಂದು, ಹುಳವೂ ಬಿತ್ತು. ಈಗ ಹತ್ತಿ ಒಳಗೆ ಒಂದು ಸಣ್ಣ ಗಂಟು ಗಾಜಿನ ಮಣಿ ಹಾಕಿ ಹೊಲಿಯುತ್ತೇನೆ. ತೊಳೆಯಬಹುದು, ಬಿಸಿಲಿಗೆ ಹಾಕಬಹುದು. ಎರಡು ಮಾಡಿಸಿಕೊಳ್ಳಿ, ದಿನ ಬಿಟ್ಟು ದಿನಕ್ಕೆ. ಸಿಲಿಕೋನ್‌ದು ಕೊಳ್ಳುವ ಶಕ್ತಿ ಇದ್ದರೆ ಅದು ಇನ್ನೂ ಒಳ್ಳೆಯದು, ಸ್ತನದಷ್ಟೇ ತೂಕ ಇರುತ್ತದೆ. ಸ್ತನ ದೊಡ್ಡದಿದ್ದವರಿಗೆ ಒಂದೇ ಕಡೆ ಭಾರವಾಗಿ ಹೆಗಲು, ಕುತ್ತಿಗೆ ಎಳೆಯುತ್ತದೆ, ಹಾಗಾಗಿ ಇದು ಬರೀ ಚಂದಕ್ಕೆ ಮಾಡಿಸುವುದಲ್ಲ. ಏನೂ ಇಟ್ಟುಕೊಳ್ಳದೆ ಓಡಾಡುವವರೂ ಇದ್ದಾರೆ. ಅದೂ ಸರಿ. ಸೆರಗು ಹೇಗೆ ಹೊದೆಯಬೇಕು ಅನ್ನುವುದು ನಿಮ್ಮದೇ ತೀರ್ಮಾನ.

ಗಂಡ ಹತ್ತಿರ ಬರಲು ಹೆದರುತ್ತಾರೆ. ಅಂಟುತ್ತಾ ಇದು?

ಅಂಟುವುದಿಲ್ಲ. ಒಂದೇ ತಟ್ಟೆ, ಒಂದೇ ಹಾಸಿಗೆ, ಮಗುವನ್ನು ಅಪ್ಪಿಕೊಳ್ಳುವುದು, ಯಾವುದರಿಂದಲೂ ಇಲ್ಲ. ಗಾಯ ನೋವು ಕೊಡದಿದ್ದರೆ ಗಂಡ ಹೆಂಡತಿ ಸೇರಬಹುದು. ಕೀಮೋ, ಹಾರ್ಮೋನ್ ಮಾತ್ರೆ ನಡೆಯುವಾಗ ಮಾತ್ರ ಬಸಿರು ನಿಲ್ಲಬಾರದು, ಅದಕ್ಕೆ ಗರ್ಭನಿರೋಧಕ ಮಾತ್ರೆಯೂ ಬೇಡ. ಕಾಪರ್ ಟಿ ಅಥವಾ ನಿರೋಧ್ ಬಗ್ಗೆ ಡಾಕ್ಟರನ್ನು ಕೇಳಿ. ಗಾಯವನ್ನು ಗಂಡನಿಗೆ ತೋರಿಸಲೇ? ನಿಮಗೆ ಮನಸ್ಸು ಬಂದಾಗ. ನಮ್ಮ ಮನೆಯವರು ಮೊದಲ ಸಲ ನೋಡಿದಾಗ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಫ್ಯಾನಿನ ಸ್ಪೀಡು ಜಾಸ್ತಿ ಮಾಡಿ ಬಂದು, ಪಕ್ಕದಲ್ಲಿ ಕೂತರು. ನನಗೆ ಅಷ್ಟು ಸಾಕಾಯಿತು.

ನನ್ನ ಮಗಳಿಗೂ ಬರುತ್ತಾ?

ವಂಶದಿಂದ ಬರುವುದು ನೂರರಲ್ಲಿ ಐದು ಹತ್ತು ಮಾತ್ರ. ಆದರೂ ತಾಯಿಗೆ ಆಗಿದ್ದರೆ ಮಗಳು, ತಂಗಿ ಹುಷಾರಾಗಿರಬೇಕು. ನಿಮಗೆ ಕಾಣಿಸಿಕೊಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ತಪಾಸಣೆ ಶುರು ಮಾಡಿ ಅಂತ ಡಾಕ್ಟರು ಸಾಮಾನ್ಯವಾಗಿ ಹೇಳುತ್ತಾರೆ. ಮದುವೆಗೆ ತೊಂದರೆ ಅಂತ ಮಗಳಿಂದಲೇ ಮುಚ್ಚಿಡಬೇಡಿ. ನಿಮ್ಮ ಉಳಿದ ಸ್ತನವನ್ನೂ ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್ ಮಾಡಿಸಿ.

ಏನಾದರೆ ರಾತ್ರಿಯೇ ಆಸ್ಪತ್ರೆಗೆ ಓಡಬೇಕು?

ಕೀಮೋ ನಡೆಯುವಾಗ 100.4 ಡಿಗ್ರಿ ಜ್ವರ ಬಂದರೆ. ಬೆಳಗಾಗಲಿ ಅನ್ನಬೇಡಿ. ಗಾಯದಿಂದ ಕೀವು, ಕೆಟ್ಟ ವಾಸನೆ, ಅಥವಾ ಸುತ್ತ ಕೆಂಪು ಹರಡಿದರೆ. ಡ್ರೈನಿನಲ್ಲಿ ಹಠಾತ್ತನೆ ಕಡುಗೆಂಪು ರಕ್ತ ತುಂಬಿದರೆ. ತೋಳು ಒಮ್ಮೆಲೇ ಕೆಂಪಾಗಿ, ಬಿಸಿಯಾಗಿ ಚಳಿ ಬಂದರೆ. ಒಂದು ಕಾಲು ಊದಿ ನೋವಾದರೆ, ಉಸಿರು ಕಟ್ಟಿದರೆ.

ಆಪರೇಷನ್ ದಿನ ಬಳೆ ತೆಗೆಸಿದರು. ಮತ್ತೆ ಹಾಕ್ಕೋಬಹುದಾ?

ಹಾಕಿಕೊಳ್ಳಬಹುದು. ಆಪರೇಷನ್ ಆದ ಕಡೆಯ ಕೈಗೆ ಬಿಗಿ ಬಳೆ, ಬಿಗಿ ಉಂಗುರ, ಬಿಗಿ ತೋಳಿನ ಬ್ಲೌಸ್ ಬೇಡ. ಗಾಜಿನ ಬಳೆ ಒಡೆದು ಗೀರಿದರೆ ತೊಂದರೆ, ಅದಕ್ಕೆ ನಾನು ಹಸಿರು ಬಳೆ ಎಲ್ಲ ಎಡಗೈಗೆ ಹಾಕುತ್ತೇನೆ. ಬಲಗೈಗೆ ಒಂದೇ ಒಂದು ಸಡಿಲ ಬೆಳ್ಳಿ ಬಳೆ. ಬೆಳಿಗ್ಗೆ ಮಷಿನ್ ಮುಂದೆ ಕೂರುವ ಮೊದಲು ಅದನ್ನು ಮೊಣಕೈ ಕಡೆಗೆ ಜಾರಿಸಿ ನೋಡುತ್ತೇನೆ. ನಾಲ್ಕು ಬೆರಳಷ್ಟು ಜಾರಬೇಕು. ಹೋದ ಶ್ರಾವಣದಲ್ಲಿ ಒಂದು ದಿನ ಮೂರಕ್ಕೇ ನಿಂತಿತು. ಆವತ್ತೇ ಟೇಪು ಹಿಡಿದೆ, ಮಾರನೇ ದಿನ ರಾಯಚೂರಿನ ಬಸ್ ಹತ್ತಿದೆ, ಒಂದೂವರೆ ತಿಂಗಳು ಪಟ್ಟಿ ಸುತ್ತಿಸಿಕೊಂಡೆ. ಈಗ ಮತ್ತೆ ನಾಲ್ಕು ಬೆರಳು ಜಾರುತ್ತದೆ.